ದೀಪ ಹಿಡಿದವಳು ಮತ್ತು ಅವಳ ಶಿಷ್ಯೆಯರು

ಪ್ರತಿವರ್ಷ ಮೇ 12 ಬಂತೆಂದರೆ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ಹಾಸಿಗೆಗಳ ಸಾಲಿನ ನಡುವೆ ನಡೆದುಹೋಗುವ ಹೆಣ್ಣಿನ ಚಿತ್ರವದು. ಬೆಂಗಳೂರು, ಮಂಗಳೂರು, ಮೈಸೂರುಗಳ ನರ್ಸಿಂಗ್ ಕಾಲೇಜುಗಳಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಸಮವಸ್ತ್ರ ತೊಟ್ಟು, ದೀಪ ಬೆಳಗಿ, ಆಕೆಯ ಹೆಸರಿನ ಪ್ರತಿಜ್ಞೆಯನ್ನು ಸ್ವೀಕರಿಸುತ್ತಾರೆ. ಆ ಪ್ರತಿಜ್ಞೆಯನ್ನು ಬರೆದವಳು ಮಾತ್ರ ಆಕೆಯಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಲಿಸ್ಟ್ರಾ ಗ್ರೆಟರ್ ಎಂಬ ಶಿಕ್ಷಕಿಯ ನೇತೃತ್ವದಲ್ಲಿ ರಚಿತವಾದದ್ದು.

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಯುದ್ಧಭೂಮಿ. ಆದರೆ ಆಕೆ ಯುದ್ಧದ ಆಸ್ಪತ್ರೆಗಳಲ್ಲಿ ಕಳೆದದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ. ದಾದಿಯರಾಗಲು ಬಂದ ಹೆಣ್ಣುಮಕ್ಕಳ ಚಿಂತೆಯಲ್ಲಿ ಕಳೆದದ್ದು ಸುಮಾರು ನಲವತ್ತು ವರ್ಷ. ರೋಗಿಯ ಪಕ್ಕದಲ್ಲಿ ನಿಂತು ಕೆಲಸ ಕಲಿಯುವ ಎಳೆಯ ಜೀವದ ಒಳಗೆ ಏನು ನಡೆಯುತ್ತದೆ, ಅವಳ ಸ್ವಭಾವ ಹೇಗೆ ಮಾಗುತ್ತದೆ ಅಥವಾ ಮುರಿಯುತ್ತದೆ, ಮೇಲಿನವರೊಡನೆ ಮತ್ತು ಓರಗೆಯವರೊಡನೆ ಅವಳ ಸಂಬಂಧ ಏಕೆ ಕೆಡುತ್ತದೆ ಎಂಬ ಪ್ರಶ್ನೆಗಳು ಆಕೆಯನ್ನು ಕಡೆಯವರೆಗೂ ಬಿಡಲಿಲ್ಲ. ದೀಪದ ಕಥೆಯ ನೆರಳಿನಲ್ಲಿ ಮರೆಯಾಗಿರುವುದು ಆಕೆಯ ಬದುಕಿನ ಈ ಭಾಗವೇ.

ಮನೆಯೆಂಬ ಮೊದಲ ಪರೀಕ್ಷೆ

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ಒಂದು ವರ್ಷ ಮೊದಲು ನೇಪಲ್ಸ್‌ನಲ್ಲಿ ಹುಟ್ಟಿದ್ದ ಅಕ್ಕನಿಗೂ ಆ ನಗರದ ಪ್ರಾಚೀನ ಗ್ರೀಕ್ ಹೆಸರಾದ ಪಾರ್ಥೆನೊಪ್ ಎಂದೇ ಹೆಸರಿಟ್ಟಿದ್ದರು. ತಂದೆ ವಿಲಿಯಂ ನೈಟಿಂಗೇಲ್ ಆಗರ್ಭ ಶ್ರೀಮಂತ, ವಿದ್ಯಾವಂತ. ಡರ್ಬಿಶೈರಿನಲ್ಲೊಂದು, ಹ್ಯಾಂಪ್‌ಶೈರಿನಲ್ಲೊಂದು ಬಂಗಲೆ. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತ ಕಲಿಸಿದರೆ ಸಾಕೆಂಬ ಕಾಲದಲ್ಲಿ ಆತ ಇಬ್ಬರು ಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಚರಿತ್ರೆ, ತತ್ವಶಾಸ್ತ್ರಗಳನ್ನು ತಾನೇ ಕಲಿಸಿದ. ಕಿರಿಯವಳಿಗೆ ಗಣಿತದ ಹುಚ್ಚು.

ಹದಿನೇಳು ತುಂಬುವ ಮೊದಲೇ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆಯುತ್ತಿದ್ದಾನೆ ಎಂಬ ನಂಬಿಕೆ ಆಕೆಯಲ್ಲಿ ಬೇರೂರಿತು. ಆ ಸೇವೆ ಯಾವುದೆಂದು ಸ್ಪಷ್ಟವಾಗಲು ಮತ್ತೆ ಕೆಲವು ವರ್ಷ ಹಿಡಿಯಿತು. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯುತ್ತೇನೆಂದು ಆಕೆ ಬಾಯಿಬಿಟ್ಟಾಗ ಮನೆಯಲ್ಲಿ ಬಿರುಗಾಳಿಯೆದ್ದಿತು. ಆ ಕಾಲದ ದಾದಿಯೆಂದರೆ ಕುಡುಕಿ, ನಡತೆಗೆಟ್ಟವಳು ಎಂಬುದೇ ಸಮಾಜದ ಭಾವನೆ. ತಾಯಿ ಕಣ್ಣೀರಿಟ್ಟಳು, ಅಕ್ಕ ಮೂರ್ಛೆಹೋದಳು, ತಂದೆ ಮೌನಿಯಾದ. ಆಸೆ ಅಲ್ಲಿಗೇ ನಿಂತಿತು. ವರ್ಷಗಟ್ಟಲೆ ಬಾಗಿಲು ಕಾಯ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಸಜ್ಜನನ ವಿವಾಹದ ಪ್ರಸ್ತಾಪವನ್ನು 1849ರಲ್ಲಿ ಆಕೆ ನಿರಾಕರಿಸಿದಳು. ಆತನ ಮೇಲೆ ಒಲವಿರಲಿಲ್ಲವೆಂದಲ್ಲ. ಮದುವೆಯಾದರೆ ತಾನು ಮತ್ತೊಂದು ಬಂಗಲೆಯ ಒಡತಿಯಾಗಿ ಮುಗಿದುಹೋಗುವೆನೆಂಬ ಭಯವಿತ್ತು. ಈ ವರ್ಷಗಳಲ್ಲಿ ಆಕೆ ಸಾವನ್ನೇ ಬಯಸುವಷ್ಟು ಕುಗ್ಗಿಹೋಗಿದ್ದಳೆಂಬುದಕ್ಕೆ ಆಕೆಯ ಖಾಸಗಿ ಟಿಪ್ಪಣಿಗಳೇ ಸಾಕ್ಷಿ.

ಕೊನೆಗೆ 1851ರಲ್ಲಿ ಬಿಡುಗಡೆ ಸಿಕ್ಕಿತು. ಜರ್ಮನಿಯ ರೈನ್ ನದಿಯ ದಂಡೆಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ 1836ರಲ್ಲಿ ಸ್ಥಾಪಿಸಿದ್ದ ಸೇವಾಶ್ರಮದಲ್ಲಿ ಆಕೆ ಸುಮಾರು ಮೂರು ತಿಂಗಳು ವಿದ್ಯಾರ್ಥಿನಿಯಾಗಿದ್ದಳು. ತಾಯಿ ಮತ್ತು ಅಕ್ಕ ಅದೇ ಸಮಯದಲ್ಲಿ ಕಾರ್ಲ್ಸ್‌ಬಾಡ್‌ನ ಬಿಸಿನೀರಿನ ಬುಗ್ಗೆಗಳ ಚಿಕಿತ್ಸೆಗೆ ಹೋಗಿದ್ದರು. ಮಗಳು ಎಲ್ಲಿದ್ದಾಳೆಂಬುದು ಬಂಧುಗಳಿಗೆ ತಿಳಿಯಕೂಡದೆಂಬುದು ಅವರ ಕಟ್ಟಪ್ಪಣೆ. ಬೆಳಗ್ಗೆ ಐದಕ್ಕೆ ಏಳಬೇಕು, ಒರಟು ಊಟ, ಬಿಡುವಿಲ್ಲದ ದುಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ಕಾಲು ಕತ್ತರಿಸುವುದನ್ನೂ, ರೋಗಿಗಳು ಸಾಯುವುದನ್ನೂ ಆಕೆ ಹತ್ತಿರದಿಂದ ಕಂಡದ್ದು ಅಲ್ಲಿ. ಆದರೂ ಆಕೆಯ ಮನಸ್ಸು ಅಷ್ಟು ನೆಮ್ಮದಿಯಾಗಿ ಹಿಂದೆಂದೂ ಇರಲಿಲ್ಲ. ಅಲ್ಲಿನ ಶುಶ್ರೂಷೆಯಾಗಲಿ ಶುಚಿತ್ವವಾಗಲಿ ಹೇಳಿಕೊಳ್ಳುವಂಥದ್ದಲ್ಲ ಎಂದು ಮುಂದೆ ಆಕೆ ನಿಷ್ಠುರವಾಗಿ ಬರೆದಳು. ಆದರೆ ಅಲ್ಲಿನ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಆಸರೆಯಾಗಿ ಬದುಕುತ್ತಿದ್ದ ವಾತಾವರಣವನ್ನು ಮೆಚ್ಚಿಕೊಂಡಳು. ಕಲಿಕೆಯ ಕಷ್ಟ ಬೇರೆ, ಕಲಿಯುವವಳನ್ನು ಒಳಗಿನಿಂದ ತಿನ್ನುವ ಒಂಟಿತನ ಬೇರೆ ಎಂಬ ಅರಿವು ಆಕೆಗೆ ಬಂದದ್ದು ಹೀಗೆ, ಸ್ವಂತ ಅನುಭವದಿಂದ.

ಸ್ಕುಟಾರಿ ಕಲಿಸಿದ ಪಾಠ

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಸಣ್ಣದೊಂದು ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಮರುವರ್ಷವೇ ಕ್ರಿಮಿಯಾ ಯುದ್ಧ. ಗಾಯಾಳು ಸೈನಿಕರ ದುಃಸ್ಥಿತಿಯ ವರದಿಗಳು ಪತ್ರಿಕೆಗಳಲ್ಲಿ ಬಂದು ದೇಶವೇ ಕೆರಳಿದಾಗ, ಯುದ್ಧ ಖಾತೆಯ ಸಿಡ್ನಿ ಹರ್ಬರ್ಟ್ ತನ್ನ ಸ್ನೇಹಿತೆಯಾದ ನೈಟಿಂಗೇಲಳ ನೆರವು ಕೋರಿದ. 1854ರ ಅಕ್ಟೋಬರ್ 21ರಂದು 38 ಮಂದಿ ದಾದಿಯರೊಡನೆ ಹೊರಟ ಆಕೆ ನವೆಂಬರ್ 4ರಂದು ಇಸ್ತಾಂಬುಲ್ ಎದುರಿನ ಸ್ಕುಟಾರಿಯನ್ನು ತಲುಪಿದಳು.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಆ 38 ಮಂದಿಯ ಕಥೆ. ಅವರಲ್ಲಿ 10 ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರು, 14 ಮಂದಿ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವರು, ಉಳಿದ 14 ಮಂದಿ ಆಂಗ್ಲಿಕನ್ ಧಾರ್ಮಿಕ ಸಂಸ್ಥೆಗಳಿಂದ ಬಂದವರು. ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಆಗದು, ಒಬ್ಬರ ಮಾತು ಇನ್ನೊಬ್ಬರಿಗೆ ಸೇರದು. ಕೆಲವರಿಗೆ ಭಕ್ತಿಯಿತ್ತು, ಗಾಯಕ್ಕೆ ಪಟ್ಟಿ ಕಟ್ಟುವ ಕೈ ಇರಲಿಲ್ಲ. ಕೆಲವರಿಗೆ ಕೈಯಿತ್ತು, ಹಿಡಿತವಿರಲಿಲ್ಲ. ಕುಡಿತ, ಅಶಿಸ್ತುಗಳ ಕಾರಣ ಕೆಲವರನ್ನು ಊರಿಗೆ ವಾಪಸು ಕಳಿಸಬೇಕಾಯಿತು. ಡಿಸೆಂಬರಿನಲ್ಲಿ ಗೆಳತಿ ಮೇರಿ ಸ್ಟ್ಯಾನ್ಲಿ ನಲವತ್ತಕ್ಕೂ ಹೆಚ್ಚು ಮಂದಿಯ ಇನ್ನೊಂದು ತಂಡವನ್ನು, ನೈಟಿಂಗೇಲ್ ಕೇಳದೆಯೇ, ಕರೆತಂದಳು. ಇರಲು ಜಾಗವಿಲ್ಲ, ಅಧಿಕಾರ ಯಾರದೆಂಬುದು ಸ್ಪಷ್ಟವಿಲ್ಲ. ಹಳೆಯ ಸ್ನೇಹ ಅಲ್ಲಿಗೆ ಮುರಿಯಿತು.

ಹೊಲಸು ತುಂಬಿದ ಕಟ್ಟಡ, ದಿನನಿತ್ಯದ ಸಾವು, ಸೇನಾ ವೈದ್ಯರ ಅಸಹಕಾರ ಇವುಗಳ ನಡುವೆ ತನ್ನವರೊಳಗಿನ ಈ ಜಗಳ ಆಕೆಯನ್ನು ಹೆಚ್ಚು ಹಣ್ಣು ಮಾಡಿತು. 1855ರ ಮೇ ತಿಂಗಳಲ್ಲಿ ಕ್ರಿಮಿಯಾ ಜ್ವರ ಬಂದು ಸಾವಿನ ದವಡೆಗೆ ಹೋಗಿಬಂದಳು. ಅದು ಬ್ರುಸೆಲ್ಲೋಸಿಸ್ ಇರಬಹುದೆಂಬುದು ಇಂದಿನ ಅನೇಕ ವೈದ್ಯರ ಅಂದಾಜು. 1856ರಲ್ಲಿ ಸದ್ದಿಲ್ಲದೆ ಮನೆಗೆ ಮರಳಿದ ಆಕೆ ಮರುವರ್ಷ ಕುಸಿದುಬಿದ್ದಳು. ಅಲ್ಲಿಂದ ಹಲವು ವರ್ಷ ಹಾಸಿಗೆಯೇ ಆಕೆಯ ಕಚೇರಿ. ಸ್ಕುಟಾರಿ ಆಕೆಗೆ ಎರಡು ಸಂಗತಿಗಳನ್ನು ಕಲಿಸಿತ್ತು. ಒಳ್ಳೆಯ ಮನಸ್ಸೊಂದೇ ಶುಶ್ರೂಷೆಗೆ ಸಾಲದು, ಕಲಿತ ಕೈಯೊಂದೇ ಸಾಲದು. ಎರಡನ್ನೂ ಒಟ್ಟಿಗೆ ಬೆಳೆಸುವ ಶಾಲೆ ಬೇಕು.

ಹತ್ತು ಪೌಂಡಿನ ವಿದ್ಯಾರ್ಥಿನಿಯರು

ಯುದ್ಧಕಾಲದಲ್ಲಿ ಜನ ಕೃತಜ್ಞತೆಯಿಂದ ಕೂಡಿಸಿದ ಸುಮಾರು 44 ಸಾವಿರ ಪೌಂಡುಗಳ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ಆರಂಭವಾಯಿತು. ಮೊದಲ ವರ್ಷ ಸೇರಿದವರು ಬೆರಳೆಣಿಕೆಯಷ್ಟು ಮಂದಿ. ಅವರಿಗೆ ಪ್ರೊಬೇಷನರ್ ಎಂದು ಹೆಸರು. ಊಟ, ವಸತಿ, ಸಮವಸ್ತ್ರ ಉಚಿತ. ವರ್ಷಕ್ಕೆ 10 ಪೌಂಡ್ ಕೈಖರ್ಚು. ಒಂದು ವರ್ಷ ವಾರ್ಡಿನಲ್ಲಿ ದುಡಿದು ಕಲಿಯಬೇಕು, ಬಳಿಕ ನಿಧಿ ಕಳಿಸಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ಸೇವೆ ಮಾಡಬೇಕು. ಶಾಲೆಯ ಚುಕ್ಕಾಣಿ ಮೇಟ್ರನ್ ಸಾರಾ ವಾರ್ಡ್ರೋಪರ್ ಎಂಬ ವಿಧವೆಯ ಕೈಯಲ್ಲಿತ್ತು.

ಈ ಶಾಲೆಯ ವಿಶೇಷವೆಂದರೆ ಪ್ರತಿ ವಿದ್ಯಾರ್ಥಿನಿಯ ಬಗ್ಗೆ ತಿಂಗಳು ತಿಂಗಳೂ ತುಂಬುತ್ತಿದ್ದ ಪಟ್ಟಿ. ಅದರಲ್ಲಿ ಎರಡು ಭಾಗ. ಕೆಲಸದ ಕೌಶಲಕ್ಕೆ 14 ಶೀರ್ಷಿಕೆಗಳು, ನಡತೆಗೆ ಐದು. ಸಮಯಪಾಲನೆ, ಶಾಂತ ಸ್ವಭಾವ, ನಂಬಿಕೆಗೆ ಅರ್ಹತೆ, ಅಚ್ಚುಕಟ್ಟುತನ, ವಾರ್ಡಿನ ನಿರ್ವಹಣೆ ಇವು ನಡತೆಯ ಅಂಶಗಳು. ಅತ್ಯುತ್ತಮದಿಂದ ಸೊನ್ನೆಯವರೆಗೆ ಐದು ದರ್ಜೆ. ವ್ಯಕ್ತಿತ್ವವನ್ನು ಹೀಗೆ ಕಾಗದದ ಮೇಲೆ ಅಳೆಯಲು ಹೊರಟದ್ದು ಆ ಕಾಲಕ್ಕೆ ಹೊಸದು. ಗಣಿತ, ಅಂಕಿಅಂಶಗಳ ಮೇಲಿನ ನೈಟಿಂಗೇಲಳ ಪ್ರೀತಿ ಇಲ್ಲಿಯೂ ಕಾಣುತ್ತದೆ.

ಆದರೆ ಅಳತೆಗೋಲು ಹಿಡಿದವರಾರು ಎಂಬುದು ಮುಖ್ಯ ಪ್ರಶ್ನೆ. ಮೇಟ್ರನ್ನಳ ಮೆಚ್ಚುಗೆಯೇ ಎಲ್ಲವೂ. ಹೊರಗೆ ಹೋಗುವುದಾದರೆ ಇಬ್ಬರು ಜೊತೆಯಾಗಿಯೇ ಹೋಗಬೇಕು. ವಾರ್ಡಿನಲ್ಲಿ ಕೈಗಳ ಕೊರತೆ ಬಿದ್ದರೆ ಪಾಠ ಬಿಟ್ಟು ದುಡಿಯಬೇಕು. ಕಲಿಸಬೇಕಾದ ವಾರ್ಡ್ ಸಿಸ್ಟರ್‌ಗಳು ತಾವೇ ಕ್ರಮಬದ್ಧವಾಗಿ ಕಲಿತವರಲ್ಲ. ಕೆಲವೇ ವರ್ಷಗಳಲ್ಲಿ ಶುಲ್ಕ ಕೊಟ್ಟು ಸೇರುವ ಮೇಲ್ವರ್ಗದ ಮಹಿಳೆಯರೂ ಬಂದರು. ಸಾಮಾನ್ಯ ಮನೆತನದ ವಿದ್ಯಾರ್ಥಿನಿಯರಿಗೂ ಅವರಿಗೂ ನಡುವೆ ಬೇಡವೆಂದರೂ ಒಂದು ಗೋಡೆ ಎದ್ದಿತು. ದುಡಿಮೆಯ ಭಾರಕ್ಕೆ, ಸೋಂಕಿಗೆ, ಶಿಸ್ತಿನ ಬಿಗಿಗೆ ಸಿಕ್ಕಿ ಕಾಯಿಲೆಬಿದ್ದವರು, ಬಿಟ್ಟುಹೋದವರು, ಹೊರಹಾಕಲ್ಪಟ್ಟವರು ಹಲವರು.

ಆಗ ನೈಟಿಂಗೇಲ್ ಎಲ್ಲಿದ್ದಳು? ತನ್ನ ಹೆಸರಿನ ಶಾಲೆಯಿಂದ ದೂರದಲ್ಲಿ, ಹಾಸಿಗೆಯ ಮೇಲೆ, ಸೇನೆಯ ಆರೋಗ್ಯ ಸುಧಾರಣೆಯ ವರದಿಗಳಲ್ಲಿ ಮುಳುಗಿದ್ದಳು. ಎಂದೂ ಕಾಲಿಡದ ಭಾರತದ ಬಗ್ಗೆ, ಇಲ್ಲಿನ ಸೇನಾ ಠಾಣ್ಯಗಳ ನೀರು, ಚರಂಡಿ, ಸಾವುಗಳ ಬಗ್ಗೆ ಅಂಕಿಗಳನ್ನು ಕಲೆಹಾಕಿ, 1863ರಲ್ಲಿ ಹೊರಬಂದ ಆಯೋಗದ ವರದಿಗೆ ಬೆನ್ನೆಲುಬಾದದ್ದೂ ಇದೇ ಅವಧಿಯಲ್ಲಿ. ಶಾಲೆ ಚೆನ್ನಾಗಿ ನಡೆಯುತ್ತಿದೆಯೆಂಬ ವರದಿಗಳನ್ನು ಆಕೆ ನಂಬಿದ್ದಳು.

ಒಂದು ಸಾವು, ಒಂದು ತನಿಖೆ

ಶಾಲೆಯ ಅತ್ಯುತ್ತಮ ಶಿಷ್ಯೆಯರಲ್ಲಿ ಒಬ್ಬಳು ಐರ್ಲೆಂಡಿನ ಆಗ್ನೆಸ್ ಜೋನ್ಸ್. ಗುರುವಿನಂತೆಯೇ ಕೈಸರ್ಸ್‌ವರ್ತ್‌ನಲ್ಲಿ ಕಲಿತು, 1862ರಲ್ಲಿ ಸೇಂಟ್ ಥಾಮಸ್ ಸೇರಿದ್ದಳು. 1865ರಲ್ಲಿ ಲಿವರ್‌ಪೂಲ್‌ನ ನಿರ್ಗತಿಕರ ಆಸ್ಪತ್ರೆಗೆ ಹನ್ನೆರಡು ಮಂದಿ ನೈಟಿಂಗೇಲ್ ದಾದಿಯರೊಡನೆ ಹೋದಳು. ಅಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳು. ಒಂದೊಂದು ಹಾಸಿಗೆಯಲ್ಲಿ ಇಬ್ಬರು, ಮೂವರು. ಮೇಲಧಿಕಾರಿಯೊಡನೆ ನಿತ್ಯದ ಘರ್ಷಣೆ, ತಾನು ಸಾಲದವಳೆಂಬ ಒಳಗಿನ ಕೊರಗು. ಹಗಲೂ ರಾತ್ರಿ ದುಡಿದ ಆಕೆ 1868ರ ಫೆಬ್ರವರಿಯಲ್ಲಿ ಟೈಫಸ್ ಜ್ವರಕ್ಕೆ ತುತ್ತಾದಳು. ವಯಸ್ಸು 35.

ನೈಟಿಂಗೇಲ್ ಆಕೆಯನ್ನು ಸಂತಳೆಂಬಂತೆ ಕೊಂಡಾಡಿ ಬರೆದಳು. ಆದರೆ ಆ ಸ್ಥಾನ ತುಂಬಲು ತಕ್ಕವಳು ಯಾರೆಂದು ಹುಡುಕಿದಾಗ ಶಾಲೆಯ ಬಡತನ ಬಯಲಾಯಿತು. 1872ರಲ್ಲಿ ಆಕೆ ತಾನೇ ತನಿಖೆಗೆ ಕೂತಳು. ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕರೆಸಿ ಕೇಳಿದಳು. ಕಂಡದ್ದು ನಿರಾಶೆ. ಪಾಠ ಹೇಳಬೇಕಾದ ವೈದ್ಯ ಆ ಕೆಲಸವನ್ನು ಬಹುತೇಕ ಬಿಟ್ಟಿದ್ದ. ಮೇಟ್ರನ್ನಳ ಕೈಯಲ್ಲಿ ಅಧಿಕಾರ ಮಿತಿಮೀರಿ ಕೇಂದ್ರೀಕೃತವಾಗಿತ್ತು. ಹುಡುಗಿಯರ ಮಾತಿಗೆ ಕಿವಿಗೊಡುವವರು ಯಾರೂ ಇರಲಿಲ್ಲ.

ತನ್ನ ಹೆಸರಿಗೇ ಕಳಂಕ ತರಬಹುದಾದ ಈ ಸತ್ಯವನ್ನು ಆಕೆ ಮುಚ್ಚಿಡಲಿಲ್ಲ, ಸರಿಪಡಿಸಲು ಹೊರಟಳು. 1873ರಲ್ಲಿ ಜಾನ್ ಕ್ರಾಫ್ಟ್ ಎಂಬ ಶಸ್ತ್ರವೈದ್ಯನನ್ನು ಬೋಧಕನನ್ನಾಗಿ ನೇಮಿಸಲಾಯಿತು. ಕ್ರಮವಾದ ಪಾಠ, ಪರೀಕ್ಷೆಗಳು ಆರಂಭವಾದವು. ಅದಕ್ಕಿಂತ ಮುಖ್ಯವಾದದ್ದು ಹೋಮ್ ಸಿಸ್ಟರ್ ಎಂಬ ಹೊಸ ಹುದ್ದೆ. ಈಕೆಗೆ ವಾರ್ಡಿನ ಜವಾಬ್ದಾರಿಯಿಲ್ಲ. ವಿದ್ಯಾರ್ಥಿನಿಯರು ತಂಗುವ ಮನೆಯಲ್ಲಿದ್ದು, ಅವರ ಓದು, ಊಟ, ನಿದ್ದೆ, ಬೇಸರ, ಅಳು ಎಲ್ಲವನ್ನೂ ನೋಡಿಕೊಳ್ಳುವುದೇ ಈಕೆಯ ಕೆಲಸ. 1875ರಲ್ಲಿ ಈ ಹುದ್ದೆಗೆ ಬಂದ ಮೇರಿ ಕ್ರಾಸ್‌ಲ್ಯಾಂಡ್ ಸುಮಾರು ಎರಡು ದಶಕ ಅಲ್ಲಿದ್ದಳು. ದಂಡಿಸುವವರೂ ಆಲಿಸುವವರೂ ಬೇರೆ ಬೇರೆ ಇರಬೇಕೆಂಬ ಈ ವಿವೇಕ ನೈಟಿಂಗೇಲಳ ದೊಡ್ಡ ಕೊಡುಗೆಗಳಲ್ಲೊಂದು.

ತಾಯಿಯೂ ಒಡತಿಯೂ

ಅಲ್ಲಿಂದ ಮುಂದೆ ಲಂಡನ್ನಿನ ಸೌತ್ ಸ್ಟ್ರೀಟಿನ ಆಕೆಯ ಮನೆ ವಿದ್ಯಾರ್ಥಿನಿಯರಿಗೆ ಎರಡನೆಯ ತವರಾಯಿತು. ಚಹಾಕ್ಕೆ ಕರೆ ಬರುತ್ತಿತ್ತು, ಒಂದು ಸಲಕ್ಕೆ ಒಬ್ಬಳಿಗೆ ಮಾತ್ರ. ಬಂದವಳ ಮಾತನ್ನು ಆಲಿಸಿ, ಹೋದ ಮೇಲೆ ಅವಳ ಸ್ವಭಾವದ ಬಗ್ಗೆ ಆಕೆ ಟಿಪ್ಪಣಿ ಬರೆದಿಡುತ್ತಿದ್ದಳು. ವಾರ್ಡುಗಳಿಗೆ ಹೂವು, ದೂರದ ಊರುಗಳಲ್ಲಿ ದುಡಿಯುತ್ತಿದ್ದವರಿಗೆ ತಿಂಡಿ, ಹಣ್ಣು, ಪುಸ್ತಕ ಕಳಿಸುತ್ತಿದ್ದಳು. ಬಳಲಿದವಳಿಗೆ ರಜೆಯ ಖರ್ಚನ್ನೂ ಕೊಡುತ್ತಿದ್ದಳು.

ಶಿಷ್ಯೆಯರಲ್ಲಿ ಆಂಜೆಲಿಕ್ ಪ್ರಿಂಗಲ್ ಮತ್ತು ರೇಚಲ್ ವಿಲಿಯಮ್ಸ್ ಆಕೆಗೆ ವಿಶೇಷ ಪ್ರಿಯರು. ಪ್ರಿಂಗಲ್ ಶಾಂತೆ, ಆಕೆಯನ್ನು ನೈಟಿಂಗೇಲ್ ಮುತ್ತು ಎಂದು ಕರೆಯುತ್ತಿದ್ದಳು. ವಿಲಿಯಮ್ಸ್ ದಿಟ್ಟೆ, ಬೇಗ ಸಿಡಿಯುವವಳು. ಆಕೆಗೆ ದೇವತೆ ಎಂದು ಹೆಸರಿಟ್ಟಿದ್ದಳು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಮೇಟ್ರನ್ನಳಾದ ವಿಲಿಯಮ್ಸ್‌ಗೆ ಆಡಳಿತದವರೊಡನೆ ತಿಕ್ಕಾಟ ಬಂದಾಗಲೆಲ್ಲ ದುಡುಕದಂತೆ, ತಾಳ್ಮೆಯಿಂದಿರುವಂತೆ ಪತ್ರಗಳು ಹೋಗುತ್ತಿದ್ದವು. ಒಂದೇ ಶಾಲೆಯಿಂದ ಬಂದ ಇಬ್ಬರು ಭಿನ್ನ ಸ್ವಭಾವದವರನ್ನು ಒಂದೇ ಅಚ್ಚಿನಲ್ಲಿ ಒತ್ತಲು ಆಕೆ ಯತ್ನಿಸಲಿಲ್ಲ.

1872ರಿಂದ 1900ರವರೆಗೆ ಆಗಾಗ ವಿದ್ಯಾರ್ಥಿನಿಯರನ್ನು ಉದ್ದೇಶಿಸಿ ಆಕೆ ಬಹಿರಂಗ ಪತ್ರಗಳನ್ನು ಬರೆದಳು. ಅವನ್ನು ಎಲ್ಲರ ಮುಂದೆ ಓದಲಾಗುತ್ತಿತ್ತು. ಕಲಿತಾಯಿತೆಂದು ತಿಳಿದ ದಿನದಿಂದಲೇ ದಾದಿ ಹಿಂದಕ್ಕೆ ಸರಿಯುತ್ತಾಳೆ, ಹಿಂದಿನಿಂದ ಆಡಿಕೊಳ್ಳುವ ಮಾತು ಇಡೀ ವಾರ್ಡನ್ನು ಕೆಡಿಸುತ್ತದೆ, ಅಧಿಕಾರ ಬಂದಾಗ ತನ್ನನ್ನು ತಾನು ಆಳಿಕೊಳ್ಳಲಾರದವಳು ಬೇರೆಯವರನ್ನು ಆಳಲಾರಳು ಎಂಬುದು ಅವುಗಳ ಸಾರ.

ಹಾಗೆಂದು ಆಕೆಯನ್ನು ದೇವರ ಪೀಠದಲ್ಲಿ ಕೂರಿಸಬೇಕಿಲ್ಲ. ತನ್ನನ್ನು ದಂಡಿಸಿಕೊಂಡಷ್ಟೇ ನಿರ್ದಯವಾಗಿ ಇತರರನ್ನೂ ದುಡಿಸಿದಳು. ಅನಾರೋಗ್ಯದಿಂದ ಬಳಲುತ್ತಿದ್ದ ಸಿಡ್ನಿ ಹರ್ಬರ್ಟ್‌ಗೆ ಬಿಡುವು ಕೊಡಲಿಲ್ಲ. ಆತ 1861ರಲ್ಲಿ ತೀರಿಕೊಂಡಾಗ ಶೋಕಿಸಿದಳು. ದಾದಿಯ ಸಹನೆಯನ್ನು ಸದ್ಗುಣವೆಂದು ಎತ್ತಿಹಿಡಿದದ್ದು ಮುಂದಿನ ಪೀಳಿಗೆಗಳಲ್ಲಿ ಅನ್ಯಾಯವನ್ನು ತುಟಿಕಚ್ಚಿ ಸಹಿಸುವ ಸಂಪ್ರದಾಯಕ್ಕೂ ದಾರಿಯಾಯಿತು. ದಾದಿಯರಿಗೆ ಸಾರ್ವಜನಿಕ ಪರೀಕ್ಷೆ, ನೋಂದಣಿ ಬೇಕೆಂಬ ಚಳವಳಿ 1887ರ ಬಳಿಕ ಬಲಗೊಂಡಾಗ ಆಕೆ ವಿರೋಧಿಸಿದಳು. ಸ್ವಭಾವವನ್ನು ಪರೀಕ್ಷೆಯಿಂದ ಅಳೆಯಲಾಗದೆಂಬುದು ಆಕೆಯ ವಾದ. ವಾದದಲ್ಲಿ ಹುರುಳಿದ್ದರೂ ಕಾಲ ಆಕೆಯ ಜೊತೆಗಿರಲಿಲ್ಲ. 1919ರಲ್ಲಿ ಬ್ರಿಟನ್ ನೋಂದಣಿ ಕಾಯಿದೆಯನ್ನು ತಂದಿತು.

ಮೊದಲು ಪಾಠ, ಆಮೇಲೆ ವಾರ್ಡು ಎಂಬ ಕ್ರಮವನ್ನು ತಂದವಳೂ ಆಕೆಯ ಶಾಲೆಯ ವಿದ್ಯಾರ್ಥಿನಿಯೇ. 1867ರಲ್ಲಿ ಸೇಂಟ್ ಥಾಮಸ್ ಸೇರಿದ್ದ ರೆಬೆಕಾ ಸ್ಟ್ರಾಂಗ್ 1893ರಲ್ಲಿ ಗ್ಲಾಸ್ಗೋದಲ್ಲಿ, ಏನೂ ಅರಿಯದ ಹುಡುಗಿಯನ್ನು ನೇರವಾಗಿ ರೋಗಿಯ ಮುಂದೆ ನಿಲ್ಲಿಸುವ ಪದ್ಧತಿಗೆ ವಿದಾಯ ಹೇಳಿ, ಪೂರ್ವಭಾವಿ ತರಬೇತಿಯನ್ನು ಆರಂಭಿಸಿದಳು. ಗುರು ಬಿಟ್ಟ ಕೊರತೆಯನ್ನು ಶಿಷ್ಯೆ ತುಂಬಿದಳು.

ಉಳಿದಿರುವ ಪ್ರಶ್ನೆ

ಇಳಿವಯಸ್ಸಿನಲ್ಲಿ ನೈಟಿಂಗೇಲಳ ಕಣ್ಣು ಮಂಜಾಯಿತು, ನೆನಪು ಜಾರಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದಾಗ ಅದನ್ನು ಅರಿತು ಸಂತೋಷಪಡುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಬಂಧುಗಳು ಒಪ್ಪದೆ, ಈಸ್ಟ್ ವೆಲ್ಲೋ ಗ್ರಾಮದ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಸಮಾಧಿಯ ಮೇಲೆ ಆಕೆಯ ಪೂರ್ಣ ಹೆಸರಿಲ್ಲ, ಅದರ ಬದಲು ಎರಡು ಮೊದಲಕ್ಷರಗಳಿವೆ.

ಆಕೆ ಸತ್ತ ಐವತ್ತು ವರ್ಷಗಳ ಬಳಿಕ, 1960ರಲ್ಲಿ, ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರ ನರ್ಸಿಂಗ್ ವಿದ್ಯಾರ್ಥಿಗಳ ಕುರಿತು ನಡೆಸಿದ ಅಧ್ಯಯನವನ್ನು ಪ್ರಕಟಿಸಿದಳು. ಅಲ್ಲಿ ಸುಮಾರು ಮೂರನೆಯ ಒಂದರಷ್ಟು ವಿದ್ಯಾರ್ಥಿಗಳು ತರಬೇತಿ ಮುಗಿಸದೆ ಬಿಟ್ಟುಹೋಗುತ್ತಿದ್ದರು. ನೋವು, ಸಾವುಗಳ ಎದುರಿನ ಆತಂಕ ಸಹಜ. ಆ ಆತಂಕವನ್ನು ಮಾತಾಡಿ ಹಗುರಮಾಡುವ ಬದಲು, ವಿದ್ಯಾರ್ಥಿಗಳನ್ನು ವಾರ್ಡಿನಿಂದ ವಾರ್ಡಿಗೆ ಎತ್ತಿಹಾಕುವುದು, ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದ ಕರೆಯುವುದು, ಭಾವನೆಯನ್ನು ತೋರಿದವರನ್ನು ಗದರುವುದು ಇವೆಲ್ಲ ಆಸ್ಪತ್ರೆಯ ವ್ಯವಸ್ಥೆಯೇ ಆಗಿಬಿಟ್ಟಿವೆ ಎಂಬುದು ಆಕೆಯ ನಿರ್ಣಯ. ದುರ್ಬಲರು ಬಿಟ್ಟುಹೋಗುತ್ತಾರೆಂಬುದು ಸುಳ್ಳು. ಮನಸ್ಸು ಸೂಕ್ಷ್ಮವಾಗಿದ್ದವರೇ ಹಲವರು ಹೊರನಡೆದಿದ್ದರು. 1872ರಲ್ಲಿ ನೈಟಿಂಗೇಲ್ ಕಂಡುಕೊಂಡಿದ್ದ ಸತ್ಯವನ್ನು ಆಸ್ಪತ್ರೆಗಳು ಮರೆತಿದ್ದವು.

ಈ ಮಾತು ನಮಗೂ ಹೊರತಲ್ಲ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕರ್ನಾಟಕ ನರ್ಸಿಂಗ್ ಶಿಕ್ಷಣದ ದೊಡ್ಡ ಕೇಂದ್ರವಾಗಿ ಬೆಳೆದಿದೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ನಮ್ಮದೇ ಉತ್ತರ ಕರ್ನಾಟಕದ ಹಳ್ಳಿಗಳಿಂದ ಹದಿನೆಂಟರ ಹರೆಯದವರು ಬಂದು, ಭಾಷೆ ಬಾರದ ಊರಿನ ವಾರ್ಡಿನಲ್ಲಿ ಮೊದಲ ಸಾವನ್ನು ಕಾಣುತ್ತಾರೆ. ಆ ರಾತ್ರಿ ಹಾಸ್ಟೆಲಿನಲ್ಲಿ ಅವರ ಮಾತಿಗೆ ಕಿವಿಯಾಗುವವರು ಯಾರು? ಹಾಜರಿ ಹಾಕುವವರು, ಅಂಕ ಕೊಡುವವರು, ದಂಡ ವಿಧಿಸುವವರು ಎಲ್ಲ ಕಡೆಯೂ ಸಿಗುತ್ತಾರೆ. ಅಂಕ ಕೊಡುವ ಅಧಿಕಾರವಿಲ್ಲದೆ ಕೇವಲ ಕೇಳಿಸಿಕೊಳ್ಳುವ ಒಬ್ಬ ಹೋಮ್ ಸಿಸ್ಟರ್ ಎಷ್ಟು ಕಾಲೇಜುಗಳಲ್ಲಿದ್ದಾಳು?

ರೋಗಿಯನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು ದಯೆಯ ವಿಷಯವಲ್ಲ, ಶಿಕ್ಷಣದ ಭಾಗ. ಶ್ರೀಮಂತ ಮನೆಯಲ್ಲಿ ಒಂಟಿಯಾಗಿ ಬೆಂದು, ಸ್ಕುಟಾರಿಯಲ್ಲಿ ಬಳಲಿ, ತನ್ನದೇ ಶಾಲೆಯ ವೈಫಲ್ಯವನ್ನು ಕಣ್ಣಾರೆ ಕಂಡು ನೈಟಿಂಗೇಲ್ ಕಲಿತದ್ದು ಇದನ್ನು. ಭಾವಚಿತ್ರಕ್ಕೆ ಹಾಕುವ ಹಾರಕ್ಕಿಂತ, ಪ್ರತಿ ಕಾಲೇಜಿನಲ್ಲಿ ಅಂಥ ಒಂದು ಹುದ್ದೆಯನ್ನು ತುಂಬಿದರೆ ಆಕೆಗೆ ಸಂದಬೇಕಾದ ಗೌರವ ಸಂದೀತು.